ಹೊರಗಿನಿಂದ ಹೊರಗೆ

ಜನವರಿ 9

ಪ್ರಿಯ ಸೂಜಿಗೆ,

ನಿನ್ನ ಕಾಗದ ಸೋಮವಾರವೇ ಬಂತು. ಕನ್ನಡಕದ ಕಡ್ಡಿ ಮುರಿದಿದ್ದರಿಂದ ಉತ್ತರ ತಡವಾಯಿತು. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಆಯುಷ್ಯವೆಲ್ಲ ಉಜ್ಜುವ ಯಂತ್ರದ ಪಕ್ಕ ನಿಂತ ಕಿವಿ ಇದು; ಫೋನಿನಲ್ಲಿ ನಿನ್ನ ಮಾತು ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದ ಕಲ್ಲಿನ ಹಾಗೆ ಕೇಳುತ್ತದೆ. ಕಾಗದದಲ್ಲಾದರೆ ನೀನು ನಿಧಾನವಾಗಿ ಮಾತಾಡುತ್ತೀ.

ಐ ಬೆಗ್ ಟು ಸ್ಟೇಟ್ ದಟ್ ನಾನು ಚೆನ್ನಾಗಿದ್ದೇನೆ. ಕಾಲೇಜಿನ ಇಂಗ್ಲಿಷಿನಲ್ಲಿ ಪೂರ್ತಿ ಉಳಿದಿರುವುದು ಈ ಸಾಲು ಒಂದೇ. ಮಿಕ್ಕದ್ದೆಲ್ಲ ಹಲ್ಲಿ ಓಡಿಹೋಗಿ ಬಾಲ ಕೈಯಲ್ಲಿ ಉಳಿದ ಹಾಗಾಗಿದೆ.

ನೀನು ಕೇಳಿದ್ದನ್ನು ಎರಡು ಸಲ ಓದಿದೆ. ನಿಮ್ಮ ಸ್ಕ್ಯಾನ್ ಯಂತ್ರ ಹೇಳುವ ಅಳತೆ ಎಷ್ಟು ನಂಬಿಕೆಗೆ ತಕ್ಕದ್ದು ಅಂತ ನೋಡಲು ಇದುವರೆಗೆ ಸಾಬೂನಿನ ಗಟ್ಟಿಯಂಥ ಚೌಕಗಳಲ್ಲಿ ಹುಸಿ ಮಾಂಸ ಎರೆದುಕೊಂಡು ಪರೀಕ್ಷೆ ಮಾಡುತ್ತಿದ್ದಿರಿ. ಈಗ ನಿಜವಾದ ಹೊಟ್ಟೆಯ ಆಕಾರ ಬೇಕಾಗಿದೆ. ಆಮೇಲೆ, ಏನೂ ಆಗದವಳ ಹಾಗೆ, ‘ಅಮ್ಮನ ಅಚ್ಚು ಅಟ್ಟದ ಮೇಲಿದೆಯಲ್ಲ ಅಪ್ಪ’ ಅಂತ ಬರೆದಿದ್ದೀ.

ಇದೆ. ಎಲ್ಲಿ ಹೋದೀತು. ಅರ್ಧ ಮುಂದಿನದು, ಅರ್ಧ ಹಿಂದಿನದು, ಹಳೆಯ ಕಂಬಳಿ ಸುತ್ತಿ ಇಟ್ಟಿದ್ದೇನೆ. ನಿನಗೆ ಆಗ ಎರಡು ವರ್ಷ. ಬಟ್ಟೆ ಅಂಗಡಿಗಳಿಗೆ ಗೊಂಬೆ ಮಾಡಿಕೊಡುವ ಕೆಲಸ ಆಗಷ್ಟೇ ಕೈ ಹತ್ತಿತ್ತು. ಅಚ್ಚಿಗೆ ಮೈ ಕೊಡುವವರು ಯಾರೂ ಸಿಗಲಿಲ್ಲ. ನಿಮ್ಮಮ್ಮನೇ ಅಂಗಡಿಯ ಕದ ಹಾಕಿಕೊಂಡು ಬೆಂಚಿನ ಮೇಲೆ ಮಲಗಿ, “ಬೇಗ ಮುಗ್ಸಿ, ಮಗು ಏಳತ್ತೆ” ಅಂದಳು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ನಿನಗೆ ಗೊತ್ತಲ್ಲ. “ರೀ, ಒಳಗೆ ನಾನಿಲ್ದಿದ್ರೂ ಇದು ಹೀಗೇ ಬಿಸಿಯಾಗಿರತ್ತಾ?” ಅಂತ ಕೇಳಿದಳು. ನಾನೇನೋ ತಮಾಷೆ ಮಾಡಿದೆ. “ನಗಿಸ್ಬೇಡಿ, ಬಿರುಕು ಬಿಡತ್ತೆ” ಅಂದವಳು ತಾನೇ ನಕ್ಕಳು. ಪಕ್ಕೆಯ ಹತ್ತಿರ ಆ ನಗು ಸಣ್ಣ ಅಲೆಯಾಗಿ ಅಚ್ಚಿನಲ್ಲಿ ಇನ್ನೂ ನಿಂತಿದೆ.

ಆ ಅಚ್ಚಿನಿಂದ ಎಷ್ಟು ಗೊಂಬೆ ಎರೆದೆನೋ. ತಲೆ ಬೇರೆ, ಕೈಕಾಲು ಬೇರೆ. ಕುತ್ತಿಗೆಯಿಂದ ಸೊಂಟದವರೆಗೆ ಅವಳು. ಅವಳು ಹೋದ ಮೇಲೆ ಮೊದಲ ವರ್ಷ ನಾನು ಪೇಟೆ ಬೀದಿಯ ಕಡೆ ಹೋಗಲೇ ಇಲ್ಲ. ಯಾವ ಗಾಜಿನ ಹಿಂದೆ ನೋಡಿದರೂ ಯಾರದೋ ಬಟ್ಟೆ ಹಾಕಿಕೊಂಡು, ಯಾರದೋ ಮುಖ ಇಟ್ಟುಕೊಂಡು ನಿಂತಿರುತ್ತಿದ್ದಳು. ಈಗ ಎಲ್ಲ ಕಡೆ ಹೊಸ ಗೊಂಬೆಗಳು ಬಂದಿವೆ. ಬಸ್ ನಿಲ್ದಾಣದ ತಿರುವಿನ ಅಂಗಡಿಯಲ್ಲಿ ಒಬ್ಬಳು ಉಳಿದಿದ್ದಾಳೆ. ಒಂದು ಅಂದೆನೋ ಒಬ್ಬಳು ಅಂದೆನೋ, ಇರಲಿ.

ನನ್ನ ಹೊಟ್ಟೆಯ ಸಮಾಚಾರ ಕೇಳಿದ್ದೀ. ಒಳಗಿನ ದೊಡ್ಡ ರಕ್ತನಾಳ ಉಬ್ಬಿರುವುದು ಉಬ್ಬಿದೆ, ನೋವಿಲ್ಲ. ಐವತ್ತೈದು ಮಿಲಿಮೀಟರ್ ದಾಟಿದರೆ ಕೊಯ್ಯಬೇಕು, ಅಲ್ಲಿಯವರೆಗೆ ಕಾಯಬೇಕು ಅಂತ ಡಾಕ್ಟರು ಹೇಳಿಯಾಗಿದೆ. ಕಾಯುತ್ತಾ ಕಾಯುತ್ತಾ ಒಡೆದರೆ ಯಾರನ್ನೂ ಕೂಗುವಷ್ಟು ಹೊತ್ತು ಸಿಗುವುದಿಲ್ಲ ಅಂತಲೂ ಹೇಳಿದ್ದಾರೆ. ಆದರೆ ಅಳೆದವಳು ನೀನು. ಎರಡು ಸಲವೂ ಐವತ್ತೊಂದು. ಬೇರೆಯವರ ಕೈಯಲ್ಲೂ ಅಳೆಸಿ ಅಂದಾಗ ಹಟ ಹಿಡಿದವನು ನಾನೇ: ಈ ಹೊಟ್ಟೆ ಮುಟ್ಟುವುದಾದರೆ ನನ್ನ ಮಗಳು ಮುಟ್ಟಲಿ. ದೇರ್‌ಫೋರ್ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಮುಂದಿನ ಅರ್ಧ ಕಳಿಸುತ್ತೇನೆ. ಹಿಂದಿನದು ಇಲ್ಲೇ ಇರಲಿ.

ಯುವರ್ಸ್ ಒಬೀಡಿಯೆಂಟ್ಲಿ (ಅರ್ಥ ಮರೆತಿದೆ, ಗತ್ತು ಚೆನ್ನಾಗಿದೆ),
ನಿನ್ನ ಅಪ್ಪ


ಜನವರಿ 20

ಅಪ್ಪ,

ಒಬೀಡಿಯೆಂಟ್ಲಿ ಅಂದರೆ ಹೇಳಿದ ಮಾತು ಕೇಳುವವನು ಅಂತ. ಆ ಪದ ನಿಮಗೆ ಬೇಡ.

ಮುಂದಿನ ಅರ್ಧ ಸಾಕು. ನಮ್ಮ ಗೊಂಬೆ ಮಲಗಿಯೇ ಇರುತ್ತದೆ. ಇದಕ್ಕೆ ಇಲ್ಲಿ ಭೂತ ಅನ್ನುವ ಅರ್ಥದ ಒಂದು ಇಂಗ್ಲಿಷ್ ಹೆಸರಿದೆ, ನೀವು ನಗುತ್ತೀರಿ, ಗೊಂಬೆ ಅಂತಲೇ ಇಟ್ಟುಕೊಳ್ಳೋಣ.

ಇನ್ನೊಂದು ಕೆಲಸ ಆಗಬೇಕು. ನಿಮ್ಮ ಕಡೆಯುವ ಯಂತ್ರದಲ್ಲಿ ಮರದ್ದೊಂದು ಉಬ್ಬು ಕಡೆದು ಕಳಿಸಿ, ನಡುವೆ ದಪ್ಪ, ಎರಡು ತುದಿ ಸಣ್ಣ. ಅದನ್ನು ರಬ್ಬರ್ ಹಾಲಿನಲ್ಲಿ ಅದ್ದಿ ಒಣಗಿಸಿ, ಕಾಲುಚೀಲದ ಹಾಗೆ ಸುಲಿದು ತೆಗೆದರೆ ನಮಗೆ ನಾಳ ಸಿಗುತ್ತದೆ. ಅಳತೆ ನಿಮ್ಮಿಷ್ಟ. ನನಗೆ ಮಾತ್ರ ಹೇಳಬೇಡಿ. ನಮ್ಮ ವಿಭಾಗದ ಮೇಡಂ ಹೆಸರಿಗೆ ಬೇರೆ ಕಾಗದದಲ್ಲಿ ಬರೆದು ಕಳಿಸಿ.

ಕೆಲಸ ಇಷ್ಟೇ. ಅಳೆಯುವವರು ಮೂವರು: ನಾನು, ಇಲ್ಲಿ ಎಲ್ಲರಿಗಿಂತ ಹಳಬರಾದ ಹಿರಿಯಕ್ಕ, ಮತ್ತೆ ಎಡಗೈ. ಎಡಗೈಯಲ್ಲೇ ಎಲ್ಲ ಮಾಡುತ್ತಾನೆ, ಅದೇ ಅವನ ಹೆಸರಾಗಿದೆ. ಒಂದೇ ಗೊಂಬೆಯನ್ನು ಮೂವರೂ ಬೇರೆ ಬೇರೆ ದಿನ ಮತ್ತೆ ಮತ್ತೆ ಅಳೆಯುತ್ತೇವೆ. ಒಬ್ಬರಿಗೆ ಬಂದದ್ದನ್ನು ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ನಿಮ್ಮ ಮರದ ಅಳತೆಗೆ ರಬ್ಬರಿನ ದಪ್ಪವನ್ನೂ ಸೇರಿಸಿದ ನಿಜವಾದ ಅಳತೆ ಮೇಡಂ ಹತ್ತಿರ. ಕೊನೆಗೆ ಎಲ್ಲ ಬಿಚ್ಚಿ ನೋಡುತ್ತೇವೆ: ಮೂವರೂ ಒಂದೇ ಹೇಳಿದೆವಾ, ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳಿದೆವಾ, ಹೇಳಿದ್ದು ನಿಜವಾ. ಒಬ್ಬರೇ ನೋಡಿದ್ದು ಅಳತೆಯಲ್ಲ, ಬರೀ ಅಭಿಪ್ರಾಯ ಅನ್ನುತ್ತಾರೆ ಮೇಡಂ.

ಪರದೆಯ ಮೇಲೆ ಎರಡು ಸಣ್ಣ ಗುರುತು ಇಡುತ್ತೇವೆ. ನಾಳದ ಗೋಡೆಯ ಈ ಹೊರ ಅಂಚಿನಲ್ಲಿ ಒಂದು, ಆ ಹೊರ ಅಂಚಿನಲ್ಲಿ ಒಂದು. ಹೊರಗಿನಿಂದ ಹೊರಗೆ. ಇಲ್ಲಿ ಸೇರಿದವರಿಗೆ ಇದೇ ಮೊದಲ ಪಾಠ.

ನಿಮ್ಮ ಮುಂದಿನ ಅಳತೆ ಏಪ್ರಿಲ್ ಕೊನೆಗೆ. ಮರೆಯಬೇಡಿ. ಭಾರ ಎತ್ತಬೇಡಿ. ಪೆಟ್ಟಿಗೆಯನ್ನು ದರ್ಜಿ ಮಾಮನ ಕೈಲಿ ಇಳಿಸಿ.

ನಿಮ್ಮ
ಸೂಜಿ


ಫೆಬ್ರವರಿ 11

ಪ್ರಿಯ ಸೂಜಿ,

ಪೆಟ್ಟಿಗೆ ನಿನ್ನೆ ಲಾರಿಗೆ ಹೋಯಿತು. ಕೆಳಗಿನ ದರ್ಜಿಯೂ ನಾನೂ ಇಳಿಸಿದೆವು. ನಾನು ಬರೀ ಬಾಯಲ್ಲಿ ಇಳಿಸಿದೆ, ಅವನು ಕೈಯಲ್ಲಿ. ಕಂಬಳಿ ಸರಿದಾಗ ಅವನು ಮುಖ ಆ ಕಡೆ ತಿರುಗಿಸಿದ. “ಯಾಕಯ್ಯಾ, ಬರೀ ಪ್ಲಾಸ್ಟರು” ಅಂದೆ. “ಅಕ್ಕನ ಸೊಂಟ ನಾನೇ ಅಳೀತಿದ್ದೆ ಅಣ್ಣ, ಗುರುತು ಹತ್ತೋಯ್ತು” ಅಂದ.

ಅವನ ಅಳತೆಯ ಕಥೆ ನಿನಗೆ ಗೊತ್ತಿಲ್ಲ, ಕೇಳು. ಹೆಂಗಸರ ಸೊಂಟಕ್ಕೆ ಟೇಪು ಸುತ್ತಿ ಎಲ್ಲರಿಗೂ ಕೇಳುವ ಹಾಗೆ ಒಂದು ಅಂಗುಲ ಕಮ್ಮಿ ಕೂಗುತ್ತಾನೆ. ಬರೆದುಕೊಳ್ಳುವಾಗ ಸರಿಯಾಗಿ ಬರೆದುಕೊಳ್ಳುತ್ತಾನೆ. ಬಟ್ಟೆಯೂ ಸರಿಹೋಗುತ್ತದೆ, ಗಿರಾಕಿಯೂ ಖುಷಿ. “ಹೇಳೋ ಅಳತೆ ಬೇರೆ, ಹೊಲಿಯೋ ಅಳತೆ ಬೇರೆ” ಅಂತ ಅವನ ವೇದಾಂತ. ನಿಮ್ಮ ಮೇಡಂ ಕೇಳಿಸಿಕೊಂಡರೆ ಅವನನ್ನು ಕೆಲಸದಿಂದ ತೆಗೆದಾರು.

ಒಂದು ವಿಷಯ. ಹೊಟ್ಟೆಯ ಕೆಳಗಡೆ ಅಚ್ಚಿನಲ್ಲಿ ಒಂದು ಕಡೆ ಮೇಣ ತುಂಬಿದ್ದೇನೆ. ಗೊಂಬೆಗಳಿಗೆ ಅಲ್ಲಿ ನಯವಾಗಿರಲಿ ಅಂತ ಆಗಲೇ ತುಂಬಿದ್ದು. ನಿಮ್ಮ ಕೆಲಸಕ್ಕೆ ಅಡ್ಡಿಯಿಲ್ಲ.

ಮರದ ಉಬ್ಬನ್ನು ಕಡೆದೆ. ಅಳತೆ ಮೇಡಂಗೆ ಬರೆದಿದ್ದೇನೆ. ನನ್ನ ಬಾಯಿಗೆ ಬೀಗ.

ಹಿಂದಿನ ಅರ್ಧವನ್ನು ಅಟ್ಟಕ್ಕೆ ವಾಪಸು ಏರಿಸಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದೇನೆ, ಒಳಮೈ ಈ ಕಡೆಗೆ. ತಗ್ಗನ್ನೇ ನೋಡುತ್ತಾ ಕೂತರೆ ಸ್ವಲ್ಪ ಹೊತ್ತಿಗೆ ಅದು ಉಬ್ಬಾಗಿ ಕಾಣುತ್ತದೆ. ಬೆನ್ನು ನನ್ನ ಕಡೆ ತಿರುಗಿಸಿ ಕೂತ ಹಾಗೆ. ಇದು ಕಣ್ಣಿನ ಮೋಸ, ಕಾಲೇಜಿನಲ್ಲಿ ಫಿಸಿಕ್ಸ್ ಮಾಸ್ತರು ಹೇಳಿದ್ದರು, ಹೆಸರೂ ಇದೆ ಅದಕ್ಕೆ, ಆಪ್ಟಿಕಲ್ ಏನೋ. ಇವತ್ತು ಬೆಳಿಗ್ಗೆ ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು. ಆ ಗೋಡೆಗೆ ಬಿಸಿಲು ಬೀಳುತ್ತದೆ. ಮಧ್ಯಾಹ್ನದ ಮೇಲೆ.

ಇತಿ ನಿನ್ನ
ಅಪ್ಪ


ಮಾರ್ಚ್ 15

ಅಪ್ಪ,

ಗೊಂಬೆ ಆಯಿತು. ಬಿಸಿ ಪಾಕ ಎರೆದು, ಒಳಗೆ ನಾಳ ಕೂರಿಸಿ, ತಣ್ಣಗಾದ ಮೇಲೆ ಅಚ್ಚಿನಿಂದ ಬಿಡಿಸಿದೆವು. ಬಣ್ಣ ಹಾಲಿನಂತೆ. ಮುಟ್ಟಿದರೆ ಬೆರಳು ಒತ್ತಿದಲ್ಲಿ ತಗ್ಗಿ ನಿಧಾನವಾಗಿ ಏಳುತ್ತದೆ. ಒಂದು ಸಣ್ಣ ಪಂಪು ನಾಳದೊಳಗೆ ನೀರು ತಳ್ಳುತ್ತದೆ, ಅದಕ್ಕೇ ಹೊಟ್ಟೆ ಮಿಡಿಯುತ್ತದೆ. ನೋಡಲು ಹೋದರೆ ಕಾಣುವುದಿಲ್ಲ, ಕೈಯಿಟ್ಟರೆ ಗೊತ್ತಾಗುತ್ತದೆ.

ಚೌಕದ ಗಟ್ಟಿಗಳನ್ನು ಅಳೆಯುವಾಗ ಇಲ್ಲಿ ಎಲ್ಲರೂ ಹರಟೆ ಹೊಡೆಯುತ್ತಿದ್ದರು. ಇದರ ಮುಂದೆ ಎಲ್ಲರೂ ದನಿ ತಗ್ಗಿಸುತ್ತಾರೆ. ಎಡಗೈ ಕೆಲಸ ಮುಗಿದ ಮೇಲೆ ಒಂದು ಬಿಳಿ ಬಟ್ಟೆ ಹೊದಿಸುತ್ತಾನೆ. “ಒಣಗ್ಬಾರ್ದು ಅಂತ” ಅನ್ನುತ್ತಾನೆ. ಚೌಕಗಳಿಗೆ ಅವನು ಹೊದಿಸಿದ್ದು ನಾನು ನೋಡಿಲ್ಲ. ಹಿರಿಯಕ್ಕ ಸ್ಕ್ಯಾನಿಗೆ ಮೊದಲು ಹಚ್ಚುವ ಲೋಳೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. “ಅಮ್ಮಾವ್ರು ರೆಡಿನಾ?” ಅಂತ ಕೇಳುತ್ತಾರೆ. ಇದು ಯಾರ ಅಚ್ಚು ಅಂತ ನಾನು ಯಾರಿಗೂ ಹೇಳಿಲ್ಲ. ಆ ಹೆಸರು ಅವರಿಗೆ ಎಲ್ಲಿಂದ ಬಂತೋ.

ನಿನ್ನೆ ಪಂಪು ನಿಲ್ಲಿಸಿ ಪಕ್ಕಕ್ಕಿಟ್ಟ ಮೇಲೂ ಪರದೆಯ ಮೇಲೆ ನಾಳ ಮಿಡಿಯುತ್ತಿತ್ತು. ಸ್ವಲ್ಪ ಹೊತ್ತು. ಆಮೇಲೆ ಹೊಳೆಯಿತು, ನನ್ನ ಹೆಬ್ಬೆರಳಿನ ನಾಡಿ ಇರಬೇಕು. ಯಂತ್ರದ ಹಿಡಿಯನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದೆ.

ಅಪ್ಪ, ನೀವು ಬರೆದ ಮೇಣದ ಜಾಗ ನಯವಾಗಿ ಬಂದಿಲ್ಲ. ಹೊಕ್ಕುಳ ಕೆಳಗೆ ಅಡ್ಡಕ್ಕೆ ಒಂದು ಗೆರೆ ಇದೆ. ಅದೇನು ಅಂತ ನನಗೆ ಗೊತ್ತು. ನೀವು ಯಾಕೆ ಬರೆಯಲಿಲ್ಲ?

ಸೂಜಿ


ಮಾರ್ಚ್ 24

ಪ್ರಿಯ ಸೂಜಿ,

ಮೇಣ ಕರಗಿರುತ್ತದೆ. ನಾನು ಗೊಂಬೆ ಎರೆಯುತ್ತಿದ್ದದ್ದು ನೆನೆಸಿ ಅರೆದ ಕಾಗದದ ತಣ್ಣನೆ ರೊಚ್ಚಿನಲ್ಲಿ, ನೀವು ಎರೆದದ್ದು ಬಿಸಿ ಪಾಕ. ಇಷ್ಟು ಹೊಳೆಯಬೇಡವೇ ನನಗೆ. ಕಾಸ್ ಅಂಡ್ ಎಫೆಕ್ಟ್. ಹೆದರುವಂಥದ್ದು ಏನೂ ಇಲ್ಲ.

ಅದು ನೀನು ಹೊರಗೆ ಬಂದ ಬಾಗಿಲು. ನೀನು ಅಡ್ಡ ಮಲಗಿದ್ದೆ, ಹೊಟ್ಟೆ ಕೊಯ್ದು ತೆಗೆದರು. ಅಚ್ಚು ತೆಗೆದ ದಿನ ನಿಮ್ಮಮ್ಮನೇ, “ಇದನ್ನ ಬೀದಿಯವರಿಗೆಲ್ಲ ತೋರಿಸ್ಬೇಡಿ, ಇದು ನಮ್ಮನೇದು” ಅಂದಳು. ಅದಕ್ಕೇ ಮೇಣ ತುಂಬಿದೆ. ಬರೆಯಲಿಲ್ಲ ನಿಜ. ನಮ್ಮ ಮನೆಯದು ಅಂದಿದ್ದಳಲ್ಲ, ಲಾರಿಯಲ್ಲಿ ಹೋಗುವ ಸಾಮಾನಿನ ಜೊತೆ ಅದನ್ನು ಹೇಗೆ ಬರೆಯುವುದು.

ಇಲ್ಲಿಯ ಸಮಾಚಾರ. ಹಿಂದಿನ ಅರ್ಧ ಬೆವರುತ್ತಿದೆ. ಒಳಮೈ ಮಾತ್ರ. ಮುಂಜಾನೆ ಒರೆಸಿದರೆ ಸಂಜೆಗೆ ಮತ್ತೆ ತೇವ, ಬೆನ್ನುಹುರಿಯ ಗೆರೆಯಗುಂಟ. ದರ್ಜಿಯನ್ನು ಕರೆದು ತೋರಿಸಿದೆ. ಬೆರಳಿಟ್ಟ, ಬೆರಳನ್ನು ಅಂಗಿಗೆ ಒರೆಸಿಕೊಂಡ. “ಗೋಡೆಯ ಶೀತ ಅಣ್ಣ” ಅಂದ. ಈ ಬೇಸಿಗೆಯಲ್ಲಿ ಗೋಡೆಗೆ ಎಲ್ಲಿಯ ಶೀತ. ಆಮೇಲೆ ಅವನು ಮೆಟ್ಟಿಲು ಹತ್ತಿ ಬಂದಿಲ್ಲ. ಏನಿದ್ದರೂ ಕೆಳಗಿಂದಲೇ ಕೂಗುತ್ತಾನೆ.

ಏಪ್ರಿಲ್ ಕೊನೆಗೆ ಬರುತ್ತೇನೆ. ಗೊಂಬೆಯನ್ನೂ ನೋಡಿದ ಹಾಗಾಯಿತು.

ನಿನ್ನ
ಅಪ್ಪ


ಏಪ್ರಿಲ್ 18

ಅಪ್ಪ,

ನಿನ್ನೆ ಬಿಚ್ಚಿ ನೋಡಿದೆವು. ಚೌಕದ ಗಟ್ಟಿಗಳಲ್ಲಿ ಮೂವರಲ್ಲಿ ನನ್ನದೇ ಎಲ್ಲಕ್ಕಿಂತ ಸರಿ. ಗೊಂಬೆಯಲ್ಲಿ ಹಿರಿಯಕ್ಕನದೂ ಎಡಗೈಯದೂ ನಿಜಕ್ಕೆ ಹತ್ತಿರ. ನನ್ನದು ಪ್ರತಿ ಸಲವೂ ಕಡಿಮೆ. ನಿನ್ನೆಯೂ ಕಡಿಮೆ, ಮೊನ್ನೆಯೂ ಅಷ್ಟೇ ಕಡಿಮೆ. ಚಿತ್ರಗಳನ್ನು ಇಟ್ಟು ನೋಡಿದರೆ ನನ್ನ ಗುರುತುಗಳೆಲ್ಲ ಗೋಡೆಯ ಒಳಗಿವೆ. ನಾನು ಇಟ್ಟದ್ದು ಹೊರ ಅಂಚಿನಲ್ಲೇ. ಇಡುವಾಗ ನನಗೆ ಹೊರ ಅಂಚೇ ಕಂಡಿತ್ತು.

ಕೈ ನಡುಗಿದ್ದರೆ ಒಂದು ಹೆಚ್ಚು ಒಂದು ಕಮ್ಮಿ ಬರುತ್ತಿತ್ತು, ಇದು ನಡುಕವಲ್ಲ ಅಂದರು ಮೇಡಂ. “ಇದು ಯಾರ ಮೈ?” ಅಂತ ಕೇಳಿದರು. ಹೇಳಿದೆ.

ಈ ತಿಂಗಳು ಬರಬೇಡಿ. ಸ್ವಲ್ಪ ಕೆಲಸ ಇದೆ. ನಾನೇ ಬರೆಯುತ್ತೇನೆ.

ಸೂಜಿ


ಮೇ 2

ಪ್ರಿಯ ಸೂಜಿ,

ನೀನೇ ಬರೆಯುತ್ತೇನೆ ಅಂದೆ, ಬರೆದಿಲ್ಲ. ಅಂಚೆಯವನನ್ನು ಬೈದೆ, ಪಾಪ. “ಸಾರ್, ನಿಮ್ಮ ಮಗಳ ಕೈ ನಾನು ಹಿಡ್ಕೊಂಡಿದೀನಾ?” ಅಂತ ಕೇಳಿದ. ಸರಿಯಾದ ಪ್ರಶ್ನೆ.

ನಿನಗೆ ಬಂದ ಅಳತೆ ಎಷ್ಟು ಅಂತ ನೀನು ಬರೆಯಲಿಲ್ಲ. ಮೇಡಂ ಬರೆದರು, ಮರದ ತುಂಡಿಗೆ ಥ್ಯಾಂಕ್ಸ್ ಹೇಳುತ್ತಾ ಮೂವರ ಅಳತೆಯನ್ನೂ ಬರೆದಿದ್ದರು. ಅದನ್ನು ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ನಿನ್ನದು ನಾನು ಕಡೆದ ಮರದ ಅಳತೆ, ಕೂದಲೆಳೆ ವ್ಯತ್ಯಾಸವಿಲ್ಲ. ರಬ್ಬರಿನ ಗೋಡೆಯನ್ನು ಬಿಟ್ಟು ಒಳಗಿನದನ್ನು ಅಳೆದಿದ್ದೀ. ಆ ಮರ ಆಗ ಅಲ್ಲಿರಲೇ ಇಲ್ಲ, ಸುಲಿದು ತೆಗೆದಾಗಿತ್ತು. ಇಲ್ಲದ್ದನ್ನು ನೀನು ಅಷ್ಟು ಕರಾರುವಾಕ್ಕಾಗಿ ಅಳೆದಿದ್ದೀ.

ನಿನ್ನೆ ದರ್ಜಿಯ ಅಂಗಡಿಯಲ್ಲಿ ಕೂತಿದ್ದೆ. ಒಬ್ಬಾಕೆ ಬಂದಳು, ಅವನು ಟೇಪು ಸುತ್ತಿ ಎಂದಿನಂತೆ ಒಂದು ಕಮ್ಮಿ ಕೂಗಿದ. ಆಕೆ ಹೋದ ಮೇಲೆ ಕೇಳಿದೆ, “ನಿನ್ನ ಹೆಂಡತಿಗೂ ಹೀಗೇ ಕೂಗ್ತೀಯಾ?” “ಅವಳದ್ದು ಬರ್ಕೊಳ್ಳೋವಾಗ್ಲೂ ಕಮ್ಮೀನೇ ಬರ್ಕೋತೀನಿ ಅಣ್ಣ, ಆಮೇಲೆ ಬಿಗಿ ಆಯ್ತು ಅಂತ ಬೈಸ್ಕೋತೀನಿ. ಬೇಕಂತ ಅಲ್ಲ. ಟೇಪು ನೋಡಿದ್ರೆ ಹಂಗೇ ಕಾಣತ್ತೆ” ಅಂದ.

ಅಲ್ಲಿಂದ ಎದ್ದು ಮೇಲೆ ಬಂದು ಕೂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಹೆಗ್ಗಣಕ್ಕೂ ಹೆತ್ತವರು ಮುದ್ದು ಅನ್ನುವುದು ಗಾದೆ ಮಾಡಿದವರಿಗೆ ಹೊಳೆಯಲಿಲ್ಲ.

ಮಗಳೇ, ನನ್ನನ್ನು ಅಳೆದದ್ದೂ ನಿನ್ನ ಕೈಯೇ.

ನೀನು ಯಾಕೆ ಬರಬೇಡಿ ಅಂದೆ ಅಂತ ಗೊತ್ತಾಯಿತು. ನನ್ನ ಹಳೆಯ ಚಿತ್ರಗಳನ್ನು ನೀನು ತೆಗೆದು ನೋಡಿರುತ್ತೀ. ಇಲ್ಲವೇ ತೆಗೆಯಲು ಧೈರ್ಯ ಬಾರದೆ ಕೂತಿರುತ್ತೀ. ಎರಡರಲ್ಲಿ ಯಾವುದಾದರೂ ಬೈಯುವುದಿಲ್ಲ. ಹಟ ಹಿಡಿದವನು ನಾನು. ಬೇರೆ ಕೈ ಬೇಡ ಅಂದವನು ನಾನು. ಈಗ ಬೇರೆ ಕೈ ಬೇಕು. ಎಡಗೈ ಅಳೆಯಲಿ. ಅವನಿಗೆ ನಾನು ಯಾರ ಅಪ್ಪ ಅಂತ ಹೇಳಬೇಡ.

ಇನ್ನೊಂದು. ನೀನು ನಗಬೇಡ. ಹಿಂದಿನ ಅರ್ಧ ಈಗ ಬೆವರುತ್ತಿಲ್ಲ. ಈ ಕಾಗದ ಬರೆಯಲು ಕೂತ ಮೇಲೆ ಒಣಗಿದೆ. ಈಗಷ್ಟೇ ಎದ್ದು ಮುಟ್ಟಿ ಬಂದೆ. ಹೇಳಬೇಕಾದ್ದನ್ನು ಹೇಳಿ ಸುಮ್ಮನಾದವರ ಬೆನ್ನಿನ ಹಾಗಿದೆ.

ನಿನ್ನ
ಅಪ್ಪ


ಮೇ 7

ಅಪ್ಪ,

ಚಿತ್ರ ತೆಗೆದು ನೋಡಿದೆ. ಮೇಡಂಗೂ ತೋರಿಸಿದೆ.

ಈ ಕಾಗದ ತಲುಪಿದ ದಿನವೇ ಹೊರಡಿ. ಚೀಲ ದರ್ಜಿ ಮಾಮ ಎತ್ತಲಿ. ಮೆಟ್ಟಿಲನ್ನು ನಿಧಾನವಾಗಿ ಇಳಿಯಿರಿ. ಕೆಮ್ಮು ಬಂದರೆ ಹೊಟ್ಟೆ ಹಿಡಿದುಕೊಳ್ಳಿ. ನಿಲ್ದಾಣದಲ್ಲಿ ನಾನೇ ಇರುತ್ತೇನೆ.

ಸೂಜಿ


ಜುಲೈ 16

ಪ್ರಿಯ ಸೂಜಿ,

ನೀನು ನನ್ನನ್ನು ಇಲ್ಲಿ ಬಿಟ್ಟು ಹೋದ ಮೇಲೆ ಎರಡು ಸಲ ಕಾಗದ ಶುರು ಮಾಡಿದೆ. ಎದುರಿಗೆ ಇದ್ದಷ್ಟು ದಿನ ಔಷಧಿ, ಊಟ, ಹೊಲಿಗೆ, ಇಷ್ಟೇ ಮಾತಾಡಿದೆವು. ಮಿಕ್ಕದ್ದಕ್ಕೆ ನಮಗೆ ಅಂಚೆಯೇ ಆಗಬೇಕು.

ಹೊಟ್ಟೆಯ ಗಾಯ ಒಣಗಿದೆ. ಉದ್ದಕ್ಕೆ ಒಂದು ಗೆರೆ, ಕೋಟಿನ ಗುಂಡಿಪಟ್ಟಿಯ ಹಾಗೆ. “ಒಳ್ಳೇ ಕೈಯವರು ಹೊಲಿದಿದಾರೆ” ಅಂತ ದರ್ಜಿ ಒಪ್ಪಿದ. ಅವನು ಮತ್ತೆ ಮೆಟ್ಟಿಲು ಹತ್ತುತ್ತಿದ್ದಾನೆ.

ಆ ದಿನದ ಒಂದು ಸಂಗತಿ ನಿನಗೆ ಹೇಳಿರಲಿಲ್ಲ. ನನ್ನನ್ನು ಮಲಗಿಸಿದ ಹಾಸಿಗೆಯ ಪಕ್ಕದಲ್ಲಿ ಬಿಳಿ ಬಟ್ಟೆ ಹೊದ್ದು ಅವಳಿದ್ದಳು. ಎಡಗೈ ಲೋಳೆ ಹಚ್ಚುತ್ತಾ, “ಸ್ವಲ್ಪ ತಣ್ಣಗಿರತ್ತೆ ಅಮ್ಮಾವ್ರೇ” ಅಂದ. ಆಮೇಲೆ ನಾಲಿಗೆ ಕಚ್ಚಿಕೊಂಡು, “ಸಾರಿ ಸಾರ್, ಅಭ್ಯಾಸ” ಅಂದ. ಐವತ್ತಾರು ಅಂತ ಅವನು ಬರೆದದ್ದು ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ಮೇಡಂ ನಿನ್ನನ್ನು ಒಳಗೆ ಕರೆದು, ಅವನ ಅಳತೆ ತೋರಿಸದೆ, ನೀನೂ ಅಳೆ ಅಂದರಲ್ಲ. ಯಾಕೆ ಹಾಗೆ ಮಾಡಿದರೋ, ಕಲ್ಲೆದೆಯ ಹೆಂಗಸು ಅಂದುಕೊಂಡೆ. ನಿನ್ನ ಮುಖ ನೋಡಿದೆ. ನೀನು ಗುರುತನ್ನು ಇಟ್ಟೆ, ತೆಗೆದೆ, ಇಟ್ಟೆ. ಒಂದು ಸಲ ಪಕ್ಕದ ಬಿಳಿ ಬಟ್ಟೆಯ ಕಡೆ ನೋಡಿದೆ, ಯಾರನ್ನೋ ಕೇಳುವವಳ ಹಾಗೆ. ಆಮೇಲೆ ಗುರುತನ್ನು ಹೊರಕ್ಕೆ ಸರಿಸಿದೆ. ಒಂದು ಚೂರು, ಇನ್ನೊಂದು ಚೂರು. “ಐವತ್ತಾರು” ಅಂದೆ. ಗಟ್ಟಿಯಾಗಿ, ನನಗೂ ಕೇಳುವ ಹಾಗೆ. ನಿನ್ನ ಬಾಯಿಂದ ಅಷ್ಟು ಕಷ್ಟದ ಮಾತು ನಾನು ಕೇಳಿರಲಿಲ್ಲ, ಅಷ್ಟು ಪ್ರೀತಿಯದೂ ಕೇಳಿರಲಿಲ್ಲ.

ಕೊಯ್ದ ಡಾಕ್ಟರು ಗೋಡೆ ಕಾಗದದಂತಾಗಿತ್ತು, ಮಳೆಗಾಲ ದಾಟುತ್ತಿರಲಿಲ್ಲ ಅಂದರು. ಮುಗಿಯಿತು, ಬಿಡು.

ಗೊಂಬೆ ಕೆಟ್ಟಿತು, ಹುಳಿ ವಾಸನೆ ಬಂತು, ಕರಗಿಸಿಬಿಟ್ಟೆವು ಅಂತ ಬರೆದು ಅಚ್ಚು ವಾಪಸು ಕಳಿಸಿದ್ದೀ. ತಲುಪಿದೆ. ಎರಡು ಅರ್ಧವನ್ನೂ ಜೋಡಿಸಿ ಹಗ್ಗ ಬಿಗಿದೆವು, ದರ್ಜಿಯೂ ನಾನೂ. ಅಂಚುಗಳು ಕೂಡುವಾಗ ಕುತ್ತಿಗೆಯ ತೂತಿನಿಂದ ಗಾಳಿ ಹೊರಗೆ ಬಂತು. ನನ್ನ ಮಣಿಕಟ್ಟಿಗೆ ತಗುಲಿತು. ಒಳಗಿನ ಗಾಳಿ ಹೊರಗೆ ಹೋಗಲೇಬೇಕಲ್ಲ, ಫಿಸಿಕ್ಸ್. ದರ್ಜಿ ಮಾತ್ರ, “ಅಕ್ಕ ಸುಸ್ತಾಗಿದಾರೆ” ಅಂದ, ಅಂದವನೇ ಕೆಳಗಿಳಿದು ಹೋದ.

ಇದನ್ನು ಬರೆಯಲೇ ಇಷ್ಟು ಸುತ್ತಿ ಬಂದೆ. ದಿನಾ ನಡೆಯಿರಿ ಅಂತ ಡಾಕ್ಟರು ಹೇಳಿದ್ದಾರಲ್ಲ, ನಡೆಯುತ್ತಾ ಬಸ್ ನಿಲ್ದಾಣದ ತಿರುವಿನವರೆಗೆ ಹೋಗುತ್ತೇನೆ. ಅಂಗಡಿಯವನು ನಿನ್ನೆ ಮಧ್ಯಾಹ್ನ ಗೊಂಬೆಯ ಬಟ್ಟೆ ಬದಲಾಯಿಸುತ್ತಿದ್ದ. ನಾನು ಗಾಜಿನ ಈಚೆ ನಿಂತು ಸ್ವಲ್ಪ ಹೊತ್ತು ನೋಡಿದೆ. ಪಕ್ಕಕ್ಕೆ ಸರಿದು ನೋಡಿದೆ, ಕನ್ನಡಕ ಒರೆಸಿ ನೋಡಿದೆ. ಒಳಗೆ ಹೋಗಿ ಅವನನ್ನು ಒಂದು ಮಾತು ಕೇಳಿದೆ. “ಅಂಥದ್ದೇನೂ ಕಾಣ್ತಿಲ್ವಲ್ಲ ಯಜಮಾನ್ರೇ” ಅಂದ, ಕುರ್ಚಿ ಎಳೆದು ಕೊಟ್ಟ.

ನಾನು ಏನು ನೋಡಿದೆ ಅಂತ ನಿನಗೆ ಹೇಳುವುದಿಲ್ಲ. ಹೇಳಿದರೆ ನಿನ್ನ ಕಣ್ಣು ಆ ಕಡೆ ವಾಲುತ್ತದೆ. ನಮ್ಮ ಅಚ್ಚಿನಿಂದ ಮೇಣ ತುಂಬಿದ ಮೇಲೆ ಎರೆದ ಗೊಂಬೆ ಅದು, ಇಷ್ಟು ಮಾತ್ರ ನೆನಪಿಡು. ಒಬ್ಬರೇ ನೋಡಿದ್ದು ಅಳತೆಯಲ್ಲ, ಅಭಿಪ್ರಾಯ. ನನ್ನದನ್ನು ಬರೆದು ಲಕೋಟೆಯಲ್ಲಿಟ್ಟು ಅಂಟಿಸಿ ದರ್ಜಿಯ ಹತ್ತಿರ ಕೊಟ್ಟಿದ್ದೇನೆ. ಮುಂದಿನ ತಿಂಗಳು ಹೊಲಿಗೆ ನೋಡಲು ಬರುತ್ತೀಯಲ್ಲ, ಬಸ್ಸಿಳಿದವಳು ಮನೆಗೆ ಬರುವ ಮೊದಲು ಆ ಅಂಗಡಿಗೆ ಹೋಗು. ಅಂಗಡಿಯವನು ಒಳ್ಳೆಯವನು, ಹೇಳಿಟ್ಟಿದ್ದೇನೆ. ನೋಡು. ಕಂಡದ್ದನ್ನು ಅಲ್ಲೇ ನಿಂತು ಬರೆ. ಆಮೇಲೆ ನನ್ನದನ್ನು ಒಡೆ.

ಏನೂ ಕಾಣದಿದ್ದರೆ ಏನೂ ಕಾಣಲಿಲ್ಲ ಅಂತ ಬರೆ. ನನಗೆ ಬೇಜಾರಾಗುತ್ತದೆ ಅಂತ ಸೇರಿಸಬೇಡ.

ಹೇಳಿದ ಮಾತು ಕೇಳುವವನು,
ಅಪ್ಪ


ಆಗಸ್ಟ್ 13

ಅಪ್ಪ,

ಬಸ್ಸಿಳಿದು ನೇರ ಇಲ್ಲಿಗೇ ಬಂದೆ. ಗೊಂಬೆಯ ಮುಂದೆ ನಿಂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ನಿಮ್ಮ ಲಕೋಟೆ ಇನ್ನೂ ದರ್ಜಿ ಮಾಮನ ಹತ್ತಿರವೇ ಇದೆ. ಅಂಗಡಿಯವರು ಬಟ್ಟೆ ತೆಗೆದುಕೊಟ್ಟು ಆಚೆ ಹೋಗಿದ್ದಾರೆ.

ಅಡ್ಡ ಗೆರೆ. ಹೊಕ್ಕುಳ ಕೆಳಗೆ. ಎಡಗಡೆ ತುದಿ ಸ್ವಲ್ಪ ಮೇಲಕ್ಕೆ ತಿರುಗಿದೆ. ಬಿರುಕಲ್ಲ, ಬೆರಳಾಡಿಸಿದೆ, ನಯವಾಗಿದೆ. ಬೆಚ್ಚಗೂ ಇದೆ. ಅಂಗಡಿಯ ಈ ಮೂಲೆಗೆ ಬಿಸಿಲು ಬರುವುದಿಲ್ಲ.

ಉದ್ದ ನೂರ ಇಪ್ಪತ್ತೆಂಟು ಮಿಲಿಮೀಟರ್. ಮೂರು ಸಲ ಅಳೆದೆ. ಹೊರಗಿನಿಂದ ಹೊರಗೆ.

ಸೂಜಿ